ಪ್ರೇರಿಯ ಕಾಡು ಬರ್ಗಮಾಟ್: ಬೀಜ ಹಾಕುವುದರಿಂದ ಕಷಾಯದವರೆಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಇಲಿನಾಯ್, ಅಯೋವಾ, ವಿಸ್ಕಾನ್ಸಿನ್, ಮಿನ್ನೆಸೋಟ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಹಿತ್ತಲಲ್ಲಿ ಟೊಮೆಟೊ, ಮೆಣಸಿನಕಾಯಿ, ಮೆಂತ್ಯ ಬೆಳೆಯುತ್ತೇವೆ. ಕುಂಡದಲ್ಲಿ ಕರಿಬೇವು, ದೊಡ್ಡಪತ್ರೆ ಇಟ್ಟುಕೊಂಡು ಚಳಿ ಶುರುವಾದ ಕೂಡಲೇ ಒಳಗೆ ಹೊತ್ತು ತರುತ್ತೇವೆ. ಆದರೆ ಅಲ್ಲಿನ ಮಣ್ಣಿನದೇ ಆದ, ಮೊಣಕಾಲುದ್ದ ಹಿಮ ಬಿದ್ದರೂ ಬುಡ ಸಾಯದ, ದೊಡ್ಡಪತ್ರೆಯ ಹಾಗೇ ಘಾಟು ವಾಸನೆ ಬೀರುವ ಒಂದು ಹೂಗಿಡ ಇದೆ. ಅದೇ ಕಾಡು ಬರ್ಗಮಾಟ್. ಸಸ್ಯಶಾಸ್ತ್ರದ ಹೆಸರು ಮೊನಾರ್ಡಾ ಫಿಸ್ಟುಲೋಸಾ. ಅಲ್ಲಿನವರು ಬೀ ಬಾಮ್ ಅಂತಲೂ ಕರೆಯುತ್ತಾರೆ.

ವಾಸನೆ ಹೋಲುವುದು ಸುಮ್ನೆ ಅಲ್ಲ. ದೊಡ್ಡಪತ್ರೆ, ತುಳಸಿ, ಪುದೀನ ಇವೆಲ್ಲ ಇರುವ ಕುಟುಂಬಕ್ಕೇ ಈ ಗಿಡವೂ ಸೇರಿದ್ದು. ಎಲೆಯ ಎಣ್ಣೆಯಲ್ಲಿ ಥೈಮಾಲ್, ಕಾರ್ವಕ್ರಾಲ್ ಎನ್ನುವ ಅಂಶಗಳಿವೆ. ನಮ್ಮ ಓಮಕ್ಕೆ ಘಾಟು ಬರುವುದು ಥೈಮಾಲ್‌ನಿಂದ. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಜಾಸ್ತಿ. ಈ ಗಿಡದ ಉಪಯೋಗವೆಲ್ಲ ಆ ಎಣ್ಣೆಯಲ್ಲೇ ಇರುವುದು. ಹಾಗಾಗಿ ಮುಂದೆ ಬರುವ ಪ್ರತಿ ಹಂತದಲ್ಲೂ ಒಂದೇ ಲೆಕ್ಕ: ವಾಸನೆ ಉಳಿಯುತ್ತಾ, ಹಾರಿಹೋಗುತ್ತಾ? ಜಾಗ ಆರಿಸುವಾಗಲೂ ಅದೇ, ಲೋಟದ ಮೇಲೆ ತಟ್ಟೆ ಮುಚ್ಚುವಾಗಲೂ ಅದೇ.

ಮೊದಲು ಇದು ಯಾರ ಗಿಡ ಅಂತ ತಿಳಿಯಿರಿ

ಈ ಭಾಗವನ್ನು ಹಾರಿಸಿ ನೇರ ಬೀಜಕ್ಕೆ ಹೋಗಬೇಡಿ. ಎತ್ತರದ ಹುಲ್ಲಿನ ಪ್ರೇರಿ, ಅಂದರೆ ಅಮೆರಿಕದ ನಡುಭಾಗದ ಹುಲ್ಲುಗಾವಲು, ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಹರಡಿತ್ತು. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಅಲ್ಲಿಯವರೆಗೆ ಹಳೆಯ ನೇಗಿಲಿಗೆ ಮೆತ್ತಿಕೊಳ್ಳುತ್ತಿದ್ದ ಜಿಗುಟು ಕಪ್ಪು ಮಣ್ಣು ಆಮೇಲೆ ಸಲೀಸಾಗಿ ಮಗುಚಿ ಬಿತ್ತು. ಇವತ್ತು ಉಳಿದಿರುವುದು ಶೇಕಡಾ 4ಕ್ಕಿಂತ ಕಡಿಮೆ. ಅದರಲ್ಲೂ ಹೆಚ್ಚಿನದು ಕಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ. ಉಳಿದ ಕಡೆ ಮೆಕ್ಕೆಜೋಳ, ಸೋಯಾ, ರಸ್ತೆ, ಊರು.

ಆ ಹುಲ್ಲುಗಾವಲಿನ ಮೂಲನಿವಾಸಿ ಜನರಿಗೆ ಈ ಗಿಡದ ಪರಿಚಯ ಆಳವಾಗಿತ್ತು. ಸಸ್ಯಗಳ ಬಳಕೆಯ ಬಗ್ಗೆ ಮೆಲ್ವಿನ್ ಗಿಲ್ಮೋರ್ 1919ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ಪಾನೀ ಜನ ಈ ಗಿಡದಲ್ಲೇ ನಾಲ್ಕು ಬಗೆ ಗುರುತಿಸುತ್ತಿದ್ದರು. ಪ್ರತಿಯೊಂದಕ್ಕೂ ಬೇರೆ ಹೆಸರಿಟ್ಟು, ವಾಸನೆ ಹಿಡಿದು ಬೇರ್ಪಡಿಸುತ್ತಿದ್ದರು. ಇದು ಬರೀ ನಂಬಿಕೆಯ ಮಾತಲ್ಲ. ಒಂದೊಂದು ಕಡೆಯ ಗಿಡದಲ್ಲಿ ಎಣ್ಣೆಯ ಅಂಶಗಳು ಬೇರೆಬೇರೆ ಇರುತ್ತವೆ ಅಂತ ಈಗಿನ ರಸಾಯನಶಾಸ್ತ್ರವೂ ಹೇಳುತ್ತದೆ. ಕೆಲವದರಲ್ಲಿ ಥೈಮಾಲ್ ಮುಂದೆ, ಕೆಲವದರಲ್ಲಿ ಕಾರ್ವಕ್ರಾಲ್, ಕೆನಡಾ ಕಡೆಯ ಕೆಲವು ಗಿಡಗಳಲ್ಲಿ ಗುಲಾಬಿ ವಾಸನೆಯ ಜೆರಾನಿಯಾಲ್. ಯಂತ್ರ ಬರುವ ಮೊದಲೇ ಮೂಗು ಆ ಕೆಲಸ ಮಾಡಿತ್ತು.

ಅದೇ ವರದಿಯಲ್ಲಿ ಇನ್ನಷ್ಟು ಸಿಗುತ್ತದೆ. ಟೀಟನ್ ಡಕೋಟಾ ಜನ ಎಲೆ, ಹೂವು ಕುದಿಸಿ ಹೊಟ್ಟೆನೋವಿಗೆ ಕುಡಿಯುತ್ತಿದ್ದರು. ಹೋ-ಚಂಕ್ ಜನ ಎಲೆಯ ಕಷಾಯವನ್ನು ಮುಖದ ಮೇಲಿನ ಕೀವುಗುಳ್ಳೆಗೆ ಹಚ್ಚುತ್ತಿದ್ದರು. ಒಮಾಹಾ ಮತ್ತು ಪೋಂಕಾ ಜನ ಸುವಾಸನೆ ಹೆಚ್ಚಿದ್ದ ಒಂದು ಬಗೆಯನ್ನು ತಲೆಗೂದಲಿಗೆ ಹಚ್ಚುವ ಲೇಪಕ್ಕೆ ಬಳಸುತ್ತಿದ್ದರು. ಮಿಲ್ವಾಕೀ ಮ್ಯೂಸಿಯಂನ ಹ್ಯೂರನ್ ಸ್ಮಿತ್ 1920ರ ದಶಕದಲ್ಲಿ ಮೆನಾಮಿನೀ, ಮೆಸ್ಕ್ವಾಕಿ, ಓಜಿಬ್ವೆ ಜನರ ನಡುವೆ ಓಡಾಡಿ ಬರೆದಿಟ್ಟದ್ದರಲ್ಲಿ ನಮಗೆ ತೀರಾ ಪರಿಚಿತ ಅನಿಸುವ ಬಳಕೆಯಿದೆ: ಓಜಿಬ್ವೆ ಜನ ಹೂ ಬಿಟ್ಟ ಗಿಡವನ್ನು ಒಣಗಿಸಿಟ್ಟುಕೊಂಡು, ಶೀತ ಕಟ್ಟಿದಾಗ ನೀರಲ್ಲಿ ಕುದಿಸಿ ಅದರ ಹಬೆ ತೆಗೆದುಕೊಳ್ಳುತ್ತಿದ್ದರು. ಮೆನಾಮಿನೀ ಜನ ಇದೇ ತೊಂದರೆಗೆ ಚಹಾ ಮಾಡಿ ಕುಡಿಯುತ್ತಿದ್ದರು.

ಹಿಂದೆ ಇದ್ದರು, ಈಗಿಲ್ಲ ಅಂದುಕೊಳ್ಳಬೇಡಿ. ಇವರೆಲ್ಲ ಇವತ್ತೂ ಇದ್ದಾರೆ. ಮೆಸ್ಕ್ವಾಕಿ ಜನರನ್ನು ಅಯೋವಾದಿಂದ ಹೊರಹಾಕಿದ ಮೇಲೆ 1857ರಲ್ಲಿ ಅವರೇ ದುಡ್ಡು ಕೊಟ್ಟು ಟಾಮಾ ಕೌಂಟಿಯಲ್ಲಿ ಜಮೀನು ಖರೀದಿಸಿ ವಾಪಸ್ಸು ಬಂದು ನೆಲೆಸಿದರು. ಇಂದಿಗೂ ಅಲ್ಲೇ ಇದ್ದಾರೆ. ಈ ಗಿಡದ ಬಗ್ಗೆ ನಾವು ಯಾರಿಗಾದರೂ ಹೇಳುವಾಗ "ರೆಡ್ ಇಂಡಿಯನ್ನರ ಔಷಧಿ" ಅಂತ ಒಂದೇ ಮಾತಲ್ಲಿ ಮುಗಿಸದೆ, ಯಾವ ಜನ, ಏನಕ್ಕೆ ಬಳಸಿದರು ಅಂತ ಹೆಸರು ಹಿಡಿದು ಹೇಳುವುದು ನ್ಯಾಯ.

ಗುರುತು ಹಿಡಿಯುವುದು

ಜುಲೈನಲ್ಲಿ ಯಾವುದಾದರೂ ಪ್ರೇರಿಗೆ ಹೋಗಿ. ಶಿಕಾಗೋ ಹತ್ತಿರ ಇರುವವರಿಗೆ ಬಟೇವಿಯಾದ ಫರ್ಮಿಲ್ಯಾಬ್ ಆವರಣ ಅಥವಾ ಮಿಡೆವಿನ್, ಮ್ಯಾಡಿಸನ್‌ನವರಿಗೆ ವಿಶ್ವವಿದ್ಯಾಲಯದ ಅರ್ಬೊರೇಟಂನ ಕರ್ಟಿಸ್ ಪ್ರೇರಿ, ಡಿಮೋಯ್ನ್‌ನವರಿಗೆ ನೀಲ್ ಸ್ಮಿತ್ ರೆಫ್ಯೂಜ್. ಸೊಂಟದಿಂದ ಎದೆಮಟ್ಟದವರೆಗೆ ಬೆಳೆದ, ತಿಳಿ ನೇರಳೆ ಬಣ್ಣದ ಕೆದರಿದ ಹೂಗಳ ಗಿಡ ಹುಡುಕಿ.

ಕಾಂಡವನ್ನು ಬೆರಳಲ್ಲಿ ಉರುಳಿಸಿ ನೋಡಿ. ದುಂಡಗಿಲ್ಲ, ನಾಲ್ಕು ಮೂಲೆ ಇರುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ, ಅಂಚು ಗರಗಸದ ಹಲ್ಲಿನಂತೆ, ಬಣ್ಣ ಸ್ವಲ್ಪ ಬೂದಿ ಬೆರೆತ ಹಸಿರು. ಹೂವಿನ ಹತ್ತಿರ ಬಗ್ಗಿ ನೋಡಿ. ಅದು ಒಂದು ಹೂವಲ್ಲ, ಇಪ್ಪತ್ತು ಮೂವತ್ತು ಸಣ್ಣ ಕೊಳವೆ ಹೂಗಳ ಗುಂಪು. ಮಧ್ಯದವು ಮೊದಲು ಅರಳುತ್ತವೆ, ಆಮೇಲೆ ಸುತ್ತು ಸುತ್ತಾಗಿ ಹೊರಗಿನವು. ಹಾಗಾಗಿ ಸ್ವಲ್ಪ ದಿನ ಕಳೆದ ಹೂವಿಗೆ ನಡುನೆತ್ತಿ ಬೋಳು, ಸುತ್ತ ನೇರಳೆ ಬಳೆ. ಪ್ರತಿ ಕೊಳವೆಯ ಮೇಲ್ತುಟಿಯ ತುದಿಯಲ್ಲಿ ಪುಟ್ಟ ಬಿಳಿ ರೋಮದ ಕುಚ್ಚು ಕಾಣಿಸಿದರೆ ಅನುಮಾನವೇ ಬೇಡ. ಅಲ್ಲೇ ಹತ್ತು ನಿಮಿಷ ನಿಂತರೆ ಬಂಬಲ್‌ಬೀ ಬರುತ್ತವೆ. ಗಾಳಿಯಲ್ಲಿ ನಿಂತಲ್ಲೇ ನಿಂತು ಉದ್ದ ನಾಲಿಗೆ ಚಾಚಿ ಹೂವಿನ ರಸ ಹೀರುವ ಹಮ್ಮಿಂಗ್‌ಬರ್ಡ್ ಪತಂಗವೂ ಬರುತ್ತದೆ. ಇದೇ ಗಿಡದ ಪರಾಗವನ್ನು ನಂಬಿಕೊಂಡು ಬದುಕುವ ಒಂದು ಸಣ್ಣ ಜೇನುಜಾತಿಯೂ ಇದೆ.

ಕೊನೆಗೆ ಒಂದೇ ಒಂದು ಎಲೆಯನ್ನು ಗಿಡದಲ್ಲಿರುವಾಗಲೇ ಉಜ್ಜಿ ಮೂಸಿ. ಓಮದ ಘಾಟು ಮೂಗಿಗೆ ಹೊಡೆಯುತ್ತದೆ.

ಅಲ್ಲಿಂದ ಕಿತ್ತು ತರಬೇಡಿ. ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿ ಇಲ್ಲದೆ ಗಿಡ, ಬೀಜ ತೆಗೆಯುವಂತಿಲ್ಲ. ಉಳಿದಿರುವುದೇ ಅಷ್ಟು ಕಡಿಮೆ ನೆಲ, ಅದರಿಂದ ನಾವು ಒಂದು ಹಿಡಿ ಕೀಳುವುದು ಸರಿಯಲ್ಲ. ರಸ್ತೆ ಬದಿಯದ್ದೂ ಬೇಡ, ಕಳೆನಾಶಕ ಬಿದ್ದಿರಬಹುದು. ಮನೆಯಲ್ಲಿ ಬೆಳೆಸುವುದೇ ದಾರಿ, ಅದು ಕಷ್ಟವೂ ಅಲ್ಲ.

ಇದನ್ನು ಇನ್ನೆರಡರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅರ್ಲ್ ಗ್ರೇ ಚಹಾಕ್ಕೆ ಹಾಕುವ ಬರ್ಗಮಾಟ್ ಒಂದು ಬಗೆಯ ಕಿತ್ತಳೆಯ ಸಿಪ್ಪೆಯ ಎಣ್ಣೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನರ್ಸರಿಗಳಲ್ಲಿ ಕಾಣುವ ಕಡುಕೆಂಪು ಹೂವಿನದು ಮೊನಾರ್ಡಾ ಡಿಡಿಮಾ, ಇದರ ಅಕ್ಕತಂಗಿ. ಅದು ಪೂರ್ವ ಭಾಗದ ತೇವದ ಕಾಡಿನ ಗಿಡ. ಆಸ್ವಿಗೋ ಚಹಾ ಅಂತ ಹೆಸರಾದದ್ದು ಅದು.

ಬೀಜ ತರುವುದು, ಜಾಗ ನೋಡುವುದು

ಸ್ಥಳೀಯ ಗಿಡಗಳನ್ನೇ ಮಾರುವ ನರ್ಸರಿಯಿಂದ, ಆದಷ್ಟು ನಿಮ್ಮ ರಾಜ್ಯದ ಅಥವಾ ಪಕ್ಕದ ರಾಜ್ಯದ ಮೂಲದ ಬೀಜ ತನ್ನಿ. ಹೂವಿನ ಬಣ್ಣಕ್ಕಾಗಿ ತಳಿ ಮಾಡಿದ ಮಿಶ್ರತಳಿಗಳು ನೋಡಲು ಚಂದ, ಆದರೆ ವಾಸನೆಯ ಭರವಸೆ ಇರುವುದಿಲ್ಲ. ನನ್ನ ಸಲಹೆ ಹಳೆಯ ಕಾಡು ಬಗೆಯೇ. ಬೀಜ ಬಹಳ ಸಣ್ಣದು, ಒಂದು ಗ್ರಾಂನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇರುತ್ತವೆ. ಅತಿ ಚಿಕ್ಕ ಪೊಟ್ಟಣ ಸಾಕು.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ, ಗಾಳಿ ಆಡುವ, ನೀರು ನಿಲ್ಲದ ಜಾಗ ಬೇಕು. ಜೇಡಿ ಮಣ್ಣಾದರೂ ನಡೆಯುತ್ತದೆ, ಮರಳಾದರೂ ನಡೆಯುತ್ತದೆ. ಗೊಬ್ಬರ ಮಾತ್ರ ಹಾಕಬೇಡಿ. ಮಣ್ಣು ಕೊಬ್ಬಿದರೆ ಗಿಡ ಉದ್ದುದ್ದ ಬೆಳೆದು ಅಡ್ಡ ಬೀಳುತ್ತದೆ. ನೆರಳಲ್ಲಿ ಬೆಳೆದದ್ದಕ್ಕೆ ಘಾಟು ಕಡಿಮೆ, ರೋಗ ಜಾಸ್ತಿ.

ಮನೆಯ ಮುಂದೆ ನೆಡುವುದಾದರೆ ನಿಮ್ಮ ಊರಿನ ನಿಯಮ, ಮನೆಮಾಲೀಕರ ಸಂಘದ ನಿಯಮ ಮೊದಲೇ ಓದಿಕೊಳ್ಳಿ. ಎತ್ತರದ ಗಿಡಗಳನ್ನು ಕಳೆ ಅಂತ ನೋಟಿಸು ಕೊಡುವ ಊರುಗಳಿವೆ. ಸುತ್ತ ಕಲ್ಲಿನ ಅಂಚು ಕಟ್ಟಿ, ಒಂದು ಚಿಕ್ಕ ಫಲಕ ನೆಟ್ಟರೆ ಇದು ಬೇಕಂತಲೇ ಬೆಳೆಸಿದ್ದು ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಊರಿಗೆ ಬೀಜ ಒಯ್ಯಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಭಾರತಕ್ಕೆ ಬೀಜ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮೇಲಾಗಿ ಇದು ಕೊರೆಯುವ ಚಳಿ ಕಂಡ ಗಿಡ. ಊರಲ್ಲಿ ದೊಡ್ಡಪತ್ರೆ ಇದ್ದೇ ಇದೆಯಲ್ಲ.

ಬಿತ್ತನೆ: ಹಾಲಿನ ಕ್ಯಾನಿನಲ್ಲಿ

ಬಿತ್ತಲು ಮೂರು ದಾರಿಗಳಿವೆ. ನವೆಂಬರ್‌ನಲ್ಲಿ ನೆಲಕ್ಕೆ ನೇರ ಚೆಲ್ಲಬಹುದು. ಮಾರ್ಚ್‌ನಲ್ಲಿ ಮನೆಯೊಳಗೆ ಟ್ರೇಯಲ್ಲಿ ಹಾಕಬಹುದು. ಇವೆರಡಕ್ಕಿಂತ ನನಗೆ ಮೆಚ್ಚುಗೆಯಾದದ್ದು ಚಳಿಗಾಲದಲ್ಲಿ ಹಾಲಿನ ಕ್ಯಾನಿನಲ್ಲಿ ಬಿತ್ತುವ ಪದ್ಧತಿ. ಖರ್ಚಿಲ್ಲ, ದೀಪ ಬೇಡ, ಸಸಿ ಗಟ್ಟಿಮುಟ್ಟಾಗಿರುತ್ತದೆ.

ಒಂದು ಗ್ಯಾಲನ್‌ನ ಮಂದಪಾರದರ್ಶಕ ಹಾಲಿನ ಕ್ಯಾನು ತೊಳೆದುಕೊಳ್ಳಿ. ತಳದಲ್ಲಿ ಏಳೆಂಟು ತೂತು ಮಾಡಿ. ಹಿಡಿಕೆಯ ಕೆಳಗೆ ಸುತ್ತ ಕತ್ತರಿಸಿ, ಹಿಂದೆ ಎರಡು ಬೆರಳಷ್ಟು ಜಾಗ ಕತ್ತರಿಸದೆ ಬಿಡಿ, ಮುಚ್ಚಳ ತೆಗೆದಂತೆ ತೆಗೆಯಲು ಅನುಕೂಲ. ನಾಲ್ಕು ಬೆರಳಷ್ಟು ಕುಂಡದ ಮಣ್ಣು ತುಂಬಿ, ನೀರು ಹಾಕಿ, ಹೆಚ್ಚಾದದ್ದು ಬಸಿಯಲಿ. ಒಂದು ಚಿಟಿಕೆ ಬೀಜವನ್ನು ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ. ಮಣ್ಣು ಮುಚ್ಚಬೇಡಿ, ಈ ಬೀಜಕ್ಕೆ ಬೆಳಕು ಬೇಕು. ಸುತ್ತ ಟೇಪು ಸುತ್ತಿ, ಮೇಲಿನ ಬಿರಡೆ ತೆಗೆದು ಎಸೆಯಿರಿ, ಮಳೆ ಹಿಮ ಒಳಗೆ ಇಳಿಯಬೇಕು. ಹೆಸರು, ತಾರೀಖು ತಳದಲ್ಲಿ ಬರೆಯಿರಿ. ಮೇಲೆ ಬರೆದದ್ದು ಬಿಸಿಲಿಗೆ ಅಳಿಸಿಹೋಗುತ್ತದೆ. ಜನವರಿಯಲ್ಲಿ ಇಷ್ಟು ಮಾಡಿ ಹೊರಗಿಟ್ಟರೆ ಹಿಮ ಮುಚ್ಚಿಕೊಂಡರೂ ಚಿಂತೆಯಿಲ್ಲ.

ಏಪ್ರಿಲ್‌ನಲ್ಲಿ ಜೋಡಿ ಎಲೆಗಳು ಏಳುತ್ತವೆ. ಬಿಸಿಲು ಚುರುಕಾದ ದಿನ ಟೇಪು ಬಿಚ್ಚಿ ತೆರೆದಿಡಿ, ಇಲ್ಲದಿದ್ದರೆ ಸಸಿ ಒಳಗೇ ಬೆಂದುಹೋಗುತ್ತದೆ. ಮಣ್ಣು ಒಣಗಲು ಬಿಡಬೇಡಿ. ಮೂರು ನಾಲ್ಕು ಜೋಡಿ ಎಲೆ ಬಂದ ಮೇಲೆ, ಮೇ ತಿಂಗಳ ಕೊನೆಗೆ, ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನೆಡಿ. ನೆಟ್ಟಾಗ ಖಾಲಿ ಖಾಲಿ ಕಾಣುತ್ತದೆ ಅಂತ ಹತ್ತಿರ ನೆಡಬೇಡಿ. ಬೇರುಕಾಂಡ ನೆಲದಡಿ ಹಬ್ಬಿ ಬುಡ ಅಗಲವಾಗುತ್ತದೆ.

ಮೊದಲ ಎರಡು ವರ್ಷ

ಮೊದಲ ವರ್ಷ ಹೂ ಬಾರದಿದ್ದರೆ ಬೇಜಾರಾಗಬೇಡಿ. ಬೇರು ಇಳಿಯುತ್ತಿರುತ್ತದೆ. ಮಳೆ ಇಲ್ಲದ ವಾರ ಒಮ್ಮೆ ಬುಡಕ್ಕೆ ಚೆನ್ನಾಗಿ ನೀರು ಕೊಡಿ, ಕಳೆ ಕೀಳಿ. ಎಳೆಯ ಗಿಡವನ್ನು ಮೊಲ ಕಡಿಯುವುದುಂಟು, ಒಂದು ಜಾಲರಿ ಸುತ್ತಿದರೆ ಆಯಿತು. ಎಲೆ ಕೀಳುವ ಆಸೆ ತಡೆದುಕೊಳ್ಳಿ. ಎರಡನೇ ವರ್ಷದಿಂದ ಹೂವು ಶುರು. ಆಮೇಲೆ ನೀರೂ ಅಷ್ಟಾಗಿ ಬೇಕಾಗುವುದಿಲ್ಲ.

ಎರಡನೇ ವರ್ಷ ಮೇ ಕೊನೆ, ಜೂನ್ ಮೊದಲಲ್ಲಿ ಗಿಡದ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ. ಕವಲು ಹೆಚ್ಚು ಒಡೆಯುತ್ತದೆ, ಗಿಡ ಬಾಗುವುದಿಲ್ಲ. ಹೂವು ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಕತ್ತರಿಸಿದ ತುದಿಗಳೇ ನಿಮ್ಮ ಮೊದಲ ಕೊಯ್ಲು.

ಇದಕ್ಕೆ ಬರುವ ಮುಖ್ಯ ತೊಂದರೆ ಬೂದಿ ರೋಗ. ಆಗಸ್ಟ್ ಹೊತ್ತಿಗೆ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಗಿಡ ಸಾಯುವುದಿಲ್ಲ, ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಆದರೆ ಆ ಎಲೆ ಕಷಾಯಕ್ಕೆ ಬೇಡ. ಔಷಧ ಹೊಡೆಯುವ ಬದಲು, ಬುಡದಲ್ಲಿ ಎದ್ದ ಕಾಂಡಗಳಲ್ಲಿ ಬಡಕಲಾದವನ್ನು ವಸಂತದಲ್ಲೇ ತೆಗೆದು ಗಾಳಿಗೆ ದಾರಿ ಮಾಡಿ. ಎಲೆಯ ಮೇಲೆ ನೀರು ಎರಚಬೇಡಿ. ಎಲ್ಲಕ್ಕಿಂತ ಸುಲಭದ ಉಪಾಯ, ರೋಗ ಬರುವ ಮೊದಲೇ ಕೊಯ್ದು ಮುಗಿಸುವುದು.

ಕೊಯ್ಲು ಮತ್ತು ಒಣಗಿಸುವುದು

ಮೊಗ್ಗು ಬಿರಿಯುವ ಹೊತ್ತಿಗೆ ಎಲೆಯಲ್ಲಿ ವಾಸನೆ ತುಂಬಿರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಕತ್ತರಿ ಹಾಕಿ, ಅಲ್ಲಿಂದ ಮತ್ತೆ ಎರಡು ಕವಲು ಬರುತ್ತವೆ. ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹೂಗಳಲ್ಲಿ ಹೆಚ್ಚಿನವು ಜೇನುಹುಳುಗಳ ಪಾಲಿಗೆ ಇರಲಿ.

ಐದಾರು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ದಾರ ಕಟ್ಟಿದರೆ ಕಡ್ಡಿ ಒಣಗಿ ಸಣ್ಣಗಾದಾಗ ಜಾರಿ ಬೀಳುತ್ತದೆ, ರಬ್ಬರ್ ತಾನೇ ಬಿಗಿಯಾಗುತ್ತದೆ. ಗಾಳಿಯಾಡುವ, ಬಿಸಿಲು ಬೀಳದ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ. ಹಪ್ಪಳ, ಸಂಡಿಗೆ ಬಿಸಿಲಿಗಿಟ್ಟು ಅಭ್ಯಾಸವಾದ ಕೈ ಇದನ್ನೂ ಬಿಸಿಲಿಗೆ ಇಡಲು ಹೋಗುತ್ತದೆ. ಬೇಡ, ಎಣ್ಣೆ ಹಾರಿಹೋಗಿ ಬರೀ ಕಂದು ತರಗು ಉಳಿಯುತ್ತದೆ. ಡಿಹೈಡ್ರೇಟರ್ ಇದ್ದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗಿರಲಿ.

ಒಂದೆರಡು ವಾರದಲ್ಲಿ ಒಣಗುತ್ತದೆ. ಕಡ್ಡಿ ಬಗ್ಗಿಸಿದರೆ ಬಾಗದೆ ಪಟ್ ಅಂತ ಮುರಿಯಬೇಕು. ಎಲೆ ಬಿಡಿಸಿ, ಪುಡಿ ಮಾಡದೆ ಇಡಿಯಾಗಿಯೇ ಗಾಜಿನ ಜಾಡಿಗೆ ತುಂಬಿ ಕತ್ತಲೆ ಕಪಾಟಿನಲ್ಲಿಡಿ. ಮಾರನೇ ದಿನ ಜಾಡಿಯ ಒಳಗೋಡೆಯಲ್ಲಿ ಪಸೆ ಕಂಡರೆ ಹೊರತೆಗೆದು ಮತ್ತೆ ಒಣಗಿಸಿ. ಒಂದು ವರ್ಷದೊಳಗೆ ಬಳಸಿ ಮುಗಿಸಿ. ಜಾಡಿ ತೆರೆದಾಗ ವಾಸನೆ ಬರದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಬಳಸುವುದು

ಚಹಾ: ಒಣ ಎಲೆ ಒಂದು ಟೀ ಚಮಚ, ಅಥವಾ ಹಸಿ ಎಲೆ ಹೆಚ್ಚಿದ್ದು ಒಂದು ದೊಡ್ಡ ಚಮಚ, ಒಂದು ಲೋಟ ನೀರಿಗೆ. ನಾವು ಕಷಾಯ ಕುದಿಸುವ ಹಾಗೆ ಇದನ್ನು ಗಂಟೆಗಟ್ಟಲೆ ಕುದಿಸಬೇಡಿ. ನೀರು ಕುದಿಸಿ ಇಳಿಸಿ, ಎಲೆ ಹಾಕಿ, ತಕ್ಷಣ ತಟ್ಟೆ ಮುಚ್ಚಿ ಐದಾರು ನಿಮಿಷ ಬಿಡಿ. ತಟ್ಟೆ ತೆಗೆದಾಗ ಅದರ ಕೆಳಗೆ ಕಟ್ಟಿದ ಹನಿಗಳನ್ನು ಮೂಸಿ ನೋಡಿ, ಘಾಟೆಲ್ಲ ಅಲ್ಲಿ ಕೂತಿರುತ್ತದೆ. ಅದನ್ನೂ ಲೋಟಕ್ಕೇ ತಟ್ಟಿ. ಜೇನುತುಪ್ಪ ಹಾಕಿ ಕುಡಿಯಿರಿ. ಗಂಟಲು ಕೆರೆತಕ್ಕೆ ಹಿತವಾಗಿರುತ್ತದೆ.

ಹಬೆ: ಪಾತ್ರೆಯಲ್ಲಿ ನೀರು ಕುದಿಸಿ ಒಲೆಯಿಂದ ಇಳಿಸಿ ಗಟ್ಟಿ ಮೇಜಿನ ಮೇಲಿಡಿ. ಒಂದು ಹಿಡಿ ಎಲೆ ಹಾಕಿ, ತಲೆಗೆ ಟವೆಲ್ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಒಂದು ಮೊಳ ದೂರದಿಂದ ನಿಧಾನ ಉಸಿರು ಎಳೆಯಿರಿ. ನಾಲ್ಕೈದು ನಿಮಿಷ ಸಾಕು. ಮಕ್ಕಳಿಗೆ ಬಿಸಿನೀರಿನ ಪಾತ್ರೆಯ ಹತ್ತಿರ ಈ ಪ್ರಯೋಗ ಬೇಡವೇ ಬೇಡ.

ಅಡುಗೆ: ನೈಋತ್ಯದ ಟೇವಾ ಜನ ಇದರ ಹತ್ತಿರದ ಒಂದು ಬಗೆಯನ್ನು ಮಾಂಸದ ಜೊತೆ ಬೇಯಿಸುತ್ತಿದ್ದರು. ನಮ್ಮ ಅಡುಗೆಗೆ ಹೊಂದುವುದು ತಂಬುಳಿ. ಎಂಟು ಹತ್ತು ಎಳೆ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ. ದೊಡ್ಡಪತ್ರೆ ಹಾಕುವಷ್ಟು ಎಲೆ ಹಾಕಬೇಡಿ, ಇದು ಅದಕ್ಕಿಂತ ಖಾರ. ಹೂವಿನ ಎಸಳುಗಳನ್ನು ಕೋಸಂಬರಿಯ ಮೇಲೆ ಉದುರಿಸಿದರೆ ಬಣ್ಣವೂ ಬರುತ್ತದೆ, ಸಣ್ಣ ಚುರುಕೂ ಬರುತ್ತದೆ. ಒಣ ಎಲೆ ಓರೆಗಾನೋ ಬದಲಿಗೆ ಸರಿಹೋಗುತ್ತದೆ.

ಜೇನುತುಪ್ಪದಲ್ಲಿ ನೆನೆಸಿಡುವುದಾದರೆ ಪೂರ್ತಿ ಒಣಗಿದ ಎಲೆ ಮಾತ್ರ ಹಾಕಿ. ಹಸಿ ಎಲೆಯ ನೀರು ಸೇರಿದರೆ ಜೇನು ಹುಳಿಯುತ್ತದೆ. ವರ್ಷ ತುಂಬದ ಕೂಸಿಗೆ ಯಾವ ಜೇನೂ ಕೊಡಬಾರದು.

ಎಚ್ಚರಿಕೆಯ ಮಾತು. ಗರ್ಭಿಣಿಯರು, ಹಾಲುಣಿಸುವವರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕಷಾಯದ ರೂಪದಲ್ಲಿ ಕುಡಿಯಬೇಡಿ. ಪುದೀನ, ತುಳಸಿ ಒಗ್ಗದವರಿಗೆ ಇದೂ ಒಗ್ಗದಿರಬಹುದು. ಅಂಗಡಿಯಲ್ಲಿ ಸಿಗುವ ಭಟ್ಟಿ ಇಳಿಸಿದ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳಬೇಡಿ, ಎಲೆಯ ಚಹಾ ಬೇರೆ, ಆ ಎಣ್ಣೆ ಬೇರೆ. ಜ್ವರ ಇಳಿಯದಿದ್ದರೆ, ಉಸಿರಾಟ ಕಷ್ಟವಾದರೆ ಚಹಾ ನಂಬಿಕೊಂಡು ಕೂರದೆ ಆಸ್ಪತ್ರೆಗೆ ಹೋಗಿ.

ಬೀಜ, ಬುಡ, ಒಣ ಕಡ್ಡಿ

ಸೆಪ್ಟೆಂಬರ್ ಕೊನೆಗೆ ಹೂಗೊಂಡೆ ಒಣಗಿ ಕಂದಾಗುತ್ತದೆ. ಕಾಗದದ ಚೀಲದೊಳಗೆ ಬಗ್ಗಿಸಿ ಬೆರಳಲ್ಲಿ ತಟ್ಟಿ. ಸಾಸಿವೆಗಿಂತ ಸಣ್ಣ ಕಂದು ಬೀಜ ಚೀಲದ ತಳಕ್ಕೆ ಉದುರುವ ಸದ್ದು ಕೇಳಿಸುತ್ತದೆ. ಉದುರದಿದ್ದರೆ ಇನ್ನೊಂದು ವಾರ ಕಾಯಿರಿ. ಎಲ್ಲ ಗೊಂಡೆಗಳನ್ನೂ ಬರಿದು ಮಾಡಬೇಡಿ, ಚಳಿಗಾಲದಲ್ಲಿ ಹಕ್ಕಿಗಳು ತಿನ್ನುತ್ತವೆ.

ಮೂರು ನಾಲ್ಕು ವರ್ಷಕ್ಕೆ ಬುಡ ಹಬ್ಬಿ ನಡುಭಾಗ ಬರಡಾಗುತ್ತದೆ. ವಸಂತದಲ್ಲಿ ಚಿಗುರು ನಾಲ್ಕು ಬೆರಳು ಎದ್ದಾಗ ಇಡೀ ಬುಡ ಅಗೆದು, ಹೊರಗಿನ ಲವಲವಿಕೆಯ ಭಾಗಗಳನ್ನು ಬೇರು ಸಮೇತ ಬಿಡಿಸಿ ಬೇರೆ ಕಡೆ ನೆಡಿ. ನಡುವಿನ ಸತ್ತ ಭಾಗ ಕಾಂಪೋಸ್ಟಿಗೆ. ಹೆಚ್ಚಾದ ಬುಡಗಳನ್ನು ಕನ್ನಡ ಕೂಟದ ಗೆಳೆಯರಿಗೆ ಕೊಡುವಾಗ ಎರಡೇ ಮಾತು ಹೇಳಿ ಕೊಡಿ: ಬಿಸಿಲಲ್ಲಿ ನೆಡಿ, ಗೊಬ್ಬರ ಹಾಕಬೇಡಿ.

ಒಣ ಕಡ್ಡಿಗಳನ್ನು ಶರತ್ಕಾಲದಲ್ಲೇ ಕತ್ತರಿಸಿ ಸ್ವಚ್ಛ ಮಾಡುವ ಅವಸರ ಬೇಡ. ಚಳಿ ಮುಗಿದ ಮೇಲೆ ನೆಲದಿಂದ ಒಂದು ಅಡಿ ಬಿಟ್ಟು ಕತ್ತರಿಸಿ. ಆ ಮೋಟುಕಡ್ಡಿಗಳ ತೆರೆದ ತುದಿಯಿಂದ ಸಣ್ಣ ಒಂಟಿ ಜೇನುಗಳು ಒಳಹೊಕ್ಕು ಮೊಟ್ಟೆಯಿಡುತ್ತವೆ. ಹೊಸ ಚಿಗುರು ಎದ್ದು ಜೂನ್ ಹೊತ್ತಿಗೆ ಮೋಟುಗಳನ್ನು ಮುಚ್ಚಿಬಿಡುತ್ತದೆ, ನೋಡುವವರಿಗೂ ಅಸಹ್ಯವೆನಿಸುವುದಿಲ್ಲ. ಕತ್ತರಿಸಿ ತೆಗೆದ ಮೇಲಿನ ಕಡ್ಡಿಗಳನ್ನು ಬೇಲಿಯ ಮೂಲೆಯಲ್ಲಿ ಸಡಿಲವಾಗಿ ಒಟ್ಟಿಡಿ. ಅವುಗಳಲ್ಲಿ ಹಿಂದಿನ ವರ್ಷದ ಹುಳುಗಳು ಇನ್ನೂ ಇರಬಹುದು, ಬೇಸಿಗೆಯಲ್ಲಿ ಹೊರಬರುತ್ತವೆ.